ಟ್ರಾನ್ಸ್‌ಫರ್ ಕೇಸ್ ಆಯಿಲ್ ಸೀಲ್: ಸೋರಿಕೆ ಮತ್ತು ದುರಸ್ತಿ

ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಮುಟ್ಟುವ ಟ್ರಕ್, ಪಿಕಪ್ ಮತ್ತು ಜೀಪುಗಳಲ್ಲಿ ಗೇರ್‌ಬಾಕ್ಸಿನ ಹಿಂದೆ ಇನ್ನೊಂದು ಲೋಹದ ಪೆಟ್ಟಿಗೆ ಇರುತ್ತದೆ. ಗೇರ್‌ಬಾಕ್ಸಿನಿಂದ ಬಂದ ಬಲವನ್ನು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳಿಗೆ ಹಂಚುವ, ಏರಿನಲ್ಲಿ, ಕೆಸರಿನಲ್ಲಿ ಬೇಕಾದಾಗ ‘ಲೋ’ ಗೇರಿನ ಮೂಲಕ ಅದನ್ನು ಹೆಚ್ಚಿಸಿ ಕೊಡುವ ಈ ಪೆಟ್ಟಿಗೆಗೆ ಟ್ರಾನ್ಸ್‌ಫರ್ ಕೇಸ್ ಎಂದು ಹೆಸರು. ಒಳಗಿನ ಗೇರು, ಚೈನು, ಬೇರಿಂಗುಗಳೆಲ್ಲ ಆಯಿಲ್‌ನಲ್ಲಿ ನೆನೆದೇ ಓಡಬೇಕು. ಪೆಟ್ಟಿಗೆಗೆ ಬಲ ತರುವ ಇನ್‌ಪುಟ್ ಶಾಫ್ಟ್ ಒಂದು, ಅಲ್ಲಿಂದ ಬಲ ಒಯ್ಯುವ ಔಟ್‌ಪುಟ್ ಶಾಫ್ಟುಗಳು ಎರಡು. ಇವು ಪೆಟ್ಟಿಗೆಯ ಗೋಡೆಯನ್ನು ದಾಟುವ ಕಡೆಗಳಲ್ಲಿ ಆಯಿಲ್ ಹೊರಬಾರದಂತೆ ಕೂರಿಸಿದ ಉಂಗುರಗಳೇ ಆಯಿಲ್ ಸೀಲುಗಳು.

ಸೀಲ್ ಹಾಳಾಗಿ ಆಯಿಲ್ ಸೋರುವುದು ಟ್ರಾನ್ಸ್‌ಫರ್ ಕೇಸಿನಲ್ಲಿ ಅತಿ ಸಾಮಾನ್ಯವಾದ ದೋಷ. ಸೀಲಿನ ಬೆಲೆ ಅಲ್ಪ, ಸೋರಿಕೆಯನ್ನು ಅಲಕ್ಷಿಸಿದರೆ ತೆರಬೇಕಾದ ಬೆಲೆ ಅಲ್ಪವಲ್ಲ. ಅನೇಕ ಪಿಕಪ್‌ಗಳ ಟ್ರಾನ್ಸ್‌ಫರ್ ಕೇಸು ಹಿಡಿಯುವುದೇ ಒಂದರಿಂದ ಎರಡೂವರೆ ಲೀಟರ್ ಆಯಿಲ್. ಎಂಜಿನ್ ಆಯಿಲಿಗೆ ಇರುವಂತೆ ಇದಕ್ಕೆ ಎಚ್ಚರಿಕೆಯ ದೀಪವಿಲ್ಲ, ಅಳತೆಯ ಕಡ್ಡಿಯೂ ಇಲ್ಲ. ಹನಿಹನಿಯಾಗಿ ಆಯಿಲ್ ಖಾಲಿಯಾದದ್ದು ಗೊತ್ತಾಗುವುದು ಬೇರಿಂಗು ಕೂಗತೊಡಗಿದ ಮೇಲೆಯೇ. ಆ ಹೊತ್ತಿಗೆ ಚೈನು ಸಡಿಲಾಗಿ, ಗೇರಿನ ಹಲ್ಲು ನೀಲಿಗಟ್ಟಿರಬಹುದು. ಇನ್ನೊಂದು ಮಾತನ್ನೂ ಆರಂಭದಲ್ಲೇ ಹೇಳಬೇಕು: ಅನೇಕ ವೇಳೆ ಸೀಲ್ ಹಾಳಾಗುವುದು ತನ್ನ ವಯಸ್ಸಿನಿಂದಲ್ಲ, ಬೇರೆಲ್ಲೋ ಇರುವ ದೋಷದಿಂದ. ಆ ದೋಷವನ್ನು ಹುಡುಕದೆ ಸೀಲನ್ನಷ್ಟೇ ಬದಲಿಸಿದರೆ ದುರಸ್ತಿ ಬಾಳುವುದಿಲ್ಲ.

ಪೆಟ್ಟಿಗೆಯ ಬಗೆಗಳು

ಎರಡನೆಯ ಮಹಾಯುದ್ಧದ ವಿಲ್ಲೀಸ್ ಜೀಪಿನಲ್ಲಿ ಇದ್ದದ್ದು ಸ್ಪೈಸರ್ 18 ಎಂಬ ಟ್ರಾನ್ಸ್‌ಫರ್ ಕೇಸ್. ಎರಕದ ಕಬ್ಬಿಣದ ಮೈ, ಒಳಗೆಲ್ಲ ಗೇರುಗಳು, ಲೋ ಅನುಪಾತ 1.97. ಸ್ವಾತಂತ್ರ್ಯದ ಬಳಿಕ ಮಹೀಂದ್ರ ಕಂಪನಿ ಭಾರತದಲ್ಲಿ ಜೋಡಿಸಿ, ಮುಂದೆ ತಾನೇ ತಯಾರಿಸಿದ ಜೀಪುಗಳು ಇದೇ ವಂಶದವು. ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ದಶಕಗಟ್ಟಲೆ ದುಡಿದ ಜೀಪುಗಳ ಹೊಟ್ಟೆಯಡಿ ಇದ್ದದ್ದೂ ಈ ಮಾದರಿಯ ಪೆಟ್ಟಿಗೆಯೇ. ಹಳೆಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕಿನ ಡ್ರಮ್ ಇರುವುದು ಚಕ್ರದಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದಿನ ಔಟ್‌ಪುಟ್ ಶಾಫ್ಟಿನ ಮೇಲೆ. ಲ್ಯಾಂಡ್‌ರೋವರಿನ ಹಳೆಯ ಮಾದರಿಗಳಲ್ಲೂ ಇದೇ ವ್ಯವಸ್ಥೆ. ಇಂಥ ಗಾಡಿಗಳಲ್ಲಿ ಹಿಂದಿನ ಸೀಲ್ ಸೋರಿದರೆ ಆಯಿಲ್ ನೇರವಾಗಿ ಬ್ರೇಕ್ ಶೂಗಳ ಮೇಲೆ ಬೀಳುತ್ತದೆ. ಹ್ಯಾಂಡ್‌ಬ್ರೇಕ್ ಹಿಡಿಯುತ್ತಿಲ್ಲ ಎಂದು ಗ್ಯಾರೇಜಿಗೆ ಬಂದ ಜೀಪಿನಲ್ಲಿ ನಿಜವಾದ ರೋಗ ಆಯಿಲ್ ಸೀಲಿನದ್ದಾಗಿರುವುದು ಹೊಸತಲ್ಲ.

ಅಮೆರಿಕದ ಭಾರಿ ಪಿಕಪ್‌ಗಳಲ್ಲಿ ಬಹುಕಾಲ ಹೆಸರು ಮಾಡಿದ್ದು ನ್ಯೂ ಪ್ರೋಸೆಸ್ 205. ಅದೂ ಎರಕದ ಕಬ್ಬಿಣದ, ಪೂರ್ತಿ ಗೇರಿನ ಪೆಟ್ಟಿಗೆ. ಇಂಧನ ಉಳಿಸಲು ಗಾಡಿಯ ತೂಕ ಇಳಿಸಬೇಕಾಗಿ ಬಂದಾಗ ಹಗುರ ಲೋಹದ ಮೈ, ಗೇರಿನ ಬದಲು ಚೈನು ಇರುವ ಪೆಟ್ಟಿಗೆಗಳು ಹೆಚ್ಚಿದವು. ಜೀಪ್ ಚೆರೋಕಿ ಮತ್ತು ರಾಂಗ್ಲರ್‌ಗಳಲ್ಲಿ ಬಂದ 231, ಅದಕ್ಕಿಂತ ದೊಡ್ಡದಾದ 241 ಈ ಸಾಲಿನವು. ಎರಡರದ್ದೂ ಲೋ ಅನುಪಾತ 2.72. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಬಳಿಯ ನ್ಯೂ ಪ್ರೋಸೆಸ್ ಕಾರ್ಖಾನೆ 1990ರಲ್ಲಿ ಕ್ರೈಸ್ಲರ್ ಮತ್ತು ಜನರಲ್ ಮೋಟಾರ್ಸ್ ಕೂಡಿ ಕಟ್ಟಿದ ನ್ಯೂ ವೆಂಚರ್ ಗೇರ್‌ಗೆ ಸೇರಿತು. ಹಾಗಾಗಿ ಒಂದೇ ಪೆಟ್ಟಿಗೆಯ ಮೇಲೆ ಕೆಲವೊಮ್ಮೆ ಎನ್‌ಪಿ, ಕೆಲವೊಮ್ಮೆ ಎನ್‌ವಿ ಎಂಬ ಅಕ್ಷರ ಕಾಣುತ್ತದೆ. ಸೀಲ್ ಕೊಳ್ಳುವಾಗ ನೋಡಬೇಕಾದದ್ದು ಪೆಟ್ಟಿಗೆಯ ಹಿಂಬದಿಗೆ ಅಂಟಿಸಿದ ಗುರುತಿನ ತಗಡಿನಲ್ಲಿರುವ ಸಂಖ್ಯೆಯನ್ನು. ಗಾಡಿಯ ಹೆಸರು ಒಂದೇ ಆದರೂ ತಯಾರಾದ ವರ್ಷಕ್ಕೆ ತಕ್ಕಂತೆ ಸೀಲಿನ ಅಳತೆ ಬದಲಾಗಿರುವುದುಂಟು.

1985ರಲ್ಲಿ ಬಂದ ಮಾರುತಿ ಜಿಪ್ಸಿಯದು ಮತ್ತೊಂದು ಬಗೆ. ಅದರ ಟ್ರಾನ್ಸ್‌ಫರ್ ಕೇಸು ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ರಬ್ಬರ್ ಬುಷ್‌ಗಳ ಮೇಲೆ ಬೇರೆಯಾಗಿ ನಿಂತಿದ್ದು, ಗೇರ್‌ಬಾಕ್ಸಿನಿಂದ ಒಂದು ಗಿಡ್ಡ ಶಾಫ್ಟ್ ಅದಕ್ಕೆ ಬಲ ತರುತ್ತದೆ. ಇಲ್ಲಿ ಮೂರು ಸೀಲುಗಳೂ ಹೊರಗಿನಿಂದಲೇ ಕೈಗೆ ಸಿಗುತ್ತವೆ. ದುರಸ್ತಿಯ ದೃಷ್ಟಿಯಿಂದ ಇದು ದೊಡ್ಡ ಅನುಕೂಲ.

ಸೀಲಿನ ರಚನೆ ಮತ್ತು ಕೆಲಸ

ಶಾಫ್ಟಿನ ಸುತ್ತ ಹಗ್ಗ, ಉಣ್ಣೆಗಂಬಳಿ, ಚರ್ಮ ಸುತ್ತಿ ಎಣ್ಣೆ ತಡೆಯುತ್ತಿದ್ದ ಕಾಲವೊಂದಿತ್ತು. ಇಂದಿನ ರೂಪದ ಸೀಲ್ ಜರ್ಮನಿಯ ಫ್ರಾಯ್ಡನ್‌ಬರ್ಗ್ ಸಂಸ್ಥೆಯಲ್ಲಿ 1929ರ ಸುಮಾರಿಗೆ ರೂಪ ಪಡೆಯಿತು. ಎಂಜಿನಿಯರ್ ವಾಲ್ಟರ್ ಸಿಮರ್ ಹೆಸರಿನಿಂದ ಅದಕ್ಕೆ ಸಿಮರಿಂಗ್ ಎಂಬ ಹೆಸರು ಬಂತು. ಮೊದಲು ಶಾಫ್ಟನ್ನು ತಬ್ಬುವ ಅದರ ಅಂಚು ಚರ್ಮದ್ದು. 1930ರ ದಶಕದಲ್ಲೇ ಕೃತಕ ರಬ್ಬರ್ ಆ ಜಾಗಕ್ಕೆ ಬಂದಿತು.

ಸೀಲಿನಲ್ಲಿ ಮೂರು ಭಾಗಗಳು. ಹೊರಗೆ ಉಕ್ಕಿನ ಉಂಗುರ. ಇದು ಪೆಟ್ಟಿಗೆಯ ರಂಧ್ರದಲ್ಲಿ ಬಿಗಿಯಾಗಿ ಕೂರುತ್ತದೆ. ಅದಕ್ಕೆ ಅಂಟಿಸಿದ ರಬ್ಬರಿನ ತೆಳು ಅಂಚು, ಅಂದರೆ ಲಿಪ್, ಶಾಫ್ಟನ್ನು ತಬ್ಬುತ್ತದೆ. ಲಿಪ್‌ನ ಬೆನ್ನಿಗೆ ಸುತ್ತಿದ ಸಣ್ಣ ಸುರುಳಿ ಸ್ಪ್ರಿಂಗ್, ರಬ್ಬರ್ ಸವೆದರೂ ಹಿಡಿತ ಸಡಿಲವಾಗದಂತೆ ನೋಡಿಕೊಳ್ಳುತ್ತದೆ. ಕೆಸರಿನಲ್ಲಿ ಓಡುವ ಗಾಡಿಗಳ ಸೀಲಿಗೆ ಹೊರಮುಖವಾಗಿ ಇನ್ನೊಂದು ಲಿಪ್ ಇರುತ್ತದೆ. ಅದರ ಕೆಲಸ ಧೂಳು ತಡೆಯುವುದು.

ಲಿಪ್ ಶಾಫ್ಟಿಗೆ ಒಣಗಿ ಉಜ್ಜುವುದಿಲ್ಲ. ನಡುವೆ ಸುಮಾರು ಒಂದು ಮೈಕ್ರಾನಿನಷ್ಟು ತೆಳುವಾದ ಆಯಿಲ್ ಪದರ ಇರುತ್ತದೆ, ಇರಲೇಬೇಕು. ಲಿಪ್‌ನ ಆಯಿಲ್ ಬದಿಯ ಇಳಿಜಾರು ಕಡಿದು, ಗಾಳಿ ಬದಿಯದು ಮಂದ. ಈ ಅಸಮ ಆಕಾರದಿಂದಾಗಿ ಶಾಫ್ಟ್ ತಿರುಗುತ್ತಿರುವಾಗ ಲಿಪ್‌ನಡಿಯ ಆಯಿಲ್ ಹೊರಗೆ ಬರುವ ಬದಲು ಮರಳಿ ಒಳಕ್ಕೆ ತಳ್ಳಲ್ಪಡುತ್ತದೆ. ಸೀಲನ್ನು ತಿರುಗಾಮುರುಗಾ ಹಾಕಿದರೆ ಅದೇ ಗುಣ ಆಯಿಲನ್ನು ಹೊರಗೆ ಎಳೆಯುವ ಪಂಪಾಗುತ್ತದೆ.

ಶಾಫ್ಟಿನ ಮೈ ಹೇಗಿರಬೇಕು ಎಂಬುದೂ ಸೀಲಿನಷ್ಟೇ ಮುಖ್ಯ. ಒರಟುತನ 0.2ರಿಂದ 0.8 ಮೈಕ್ರಾನ್ ನಡುವೆ ಇರಬೇಕು. ಅದಕ್ಕಿಂತ ಒರಟಾದರೆ ಲಿಪ್ ಸವೆಯುತ್ತದೆ, ತೀರಾ ನುಣುಪಾದರೆ ಆಯಿಲ್ ಪದರ ನಿಲ್ಲುವುದಿಲ್ಲ. ಲೇತಿನಲ್ಲಿ ಕಡೆದಾಗ ಉಳಿಯುವ ಸುರುಳಿ ಗೆರೆಗಳು ಕೂಡದು, ಏಕೆಂದರೆ ಅವು ಸ್ಕ್ರೂ ಎಳೆಗಳಂತೆ ಆಯಿಲನ್ನು ಹೊರಗೆ ನಡೆಸುತ್ತವೆ. ಇಷ್ಟು ನಾಜೂಕಿನ ಜಾಗದ ಮೇಲೆ ಬೀಳುವ ಕೆಲಸ ಮಾತ್ರ ಸಣ್ಣದಲ್ಲ. 75 ಸೆಂಟಿಮೀಟರ್ ವ್ಯಾಸದ ಟೈರು, 4ರ ಆಕ್ಸಲ್ ಅನುಪಾತ ಇರುವ ಪಿಕಪ್ ಗಂಟೆಗೆ 100 ಕಿಲೋಮೀಟರ್ ಓಡುವಾಗ ಔಟ್‌ಪುಟ್ ಶಾಫ್ಟ್ ನಿಮಿಷಕ್ಕೆ ಸುಮಾರು 2,800 ಸುತ್ತು ತಿರುಗುತ್ತದೆ. ಸೀಲ್ ಕೂರುವಲ್ಲಿ 45 ಮಿಲಿಮೀಟರ್ ದಪ್ಪವಿದ್ದರೆ ಲಿಪ್‌ನಡಿ ಉಕ್ಕು ಸೆಕೆಂಡಿಗೆ ಆರೂವರೆ ಮೀಟರಿಗಿಂತ ಹೆಚ್ಚು ವೇಗದಲ್ಲಿ ಜಾರುತ್ತಿರುತ್ತದೆ. ಲಿಪ್‌ನ ತುದಿಯ ಬಿಸಿ ಆಯಿಲಿನ ಬಿಸಿಗಿಂತ ಯಾವಾಗಲೂ ಹೆಚ್ಚು. ನೈಟ್ರೈಲ್ ರಬ್ಬರ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗೆ ಚೆನ್ನಾಗಿ ಬಾಳುತ್ತದೆ. ಅದಕ್ಕೂ ಮೇಲಿನ ಬಿಸಿಗೆ ಪಾಲಿಅಕ್ರಿಲೇಟ್, ಇನ್ನೂ ಹೆಚ್ಚಿನದಕ್ಕೆ ವೈಟಾನ್ ಎಂಬ ಹೆಸರಿನಲ್ಲಿ ಪರಿಚಿತವಾದ ಫ್ಲೋರೋ ರಬ್ಬರ್ ಬೇಕು. ಅಳತೆ ಕೂಡಿತು ಎಂದ ಮಾತ್ರಕ್ಕೆ ಸೀಲ್ ಸರಿಯಾದದ್ದು ಎನ್ನಲಾಗದು. ಅದರ ರಬ್ಬರೂ ಸರಿಯಾಗಿರಬೇಕು.

ಸೋರುವುದೇಕೆ

ವಯಸ್ಸು ಮೊದಲ ಕಾರಣ. ವರ್ಷಗಟ್ಟಲೆ ಬಿಸಿಯುಂಡ ರಬ್ಬರ್ ಗಡಸಾಗಿ, ಬಿರುಕುಬಿಟ್ಟು, ಶಾಫ್ಟಿನ ಸಣ್ಣ ಅಲುಗಾಟವನ್ನು ಹಿಂಬಾಲಿಸುವ ಶಕ್ತಿ ಕಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಲಿಪ್ ಒಣಗಿ ಶಾಫ್ಟಿಗೆ ಅಂಟಿ, ಮತ್ತೆ ಓಡಿಸಿದ ದಿನ ಹರಿಯುವುದೂ ಉಂಟು.

ಎರಡನೆಯದು ಬ್ರೀದರ್. ಇದನ್ನು ಗ್ಯಾರೇಜುಗಳಲ್ಲಿ ಮರೆಯುವಷ್ಟು ಬೇರೆ ಯಾವುದನ್ನೂ ಮರೆಯುವುದಿಲ್ಲ. ಪೆಟ್ಟಿಗೆಯ ಮೇಲ್ಭಾಗದಲ್ಲಿ ಗಾಳಿಯಾಡಲು ಒಂದು ಸಣ್ಣ ತೂತು, ಅದಕ್ಕೊಂದು ಟೋಪಿ ಅಥವಾ ರಬ್ಬರ್ ಕೊಳವೆ ಇರುತ್ತದೆ. ಕೆಸರು ಒಣಗಿ ಅದು ಮುಚ್ಚಿಹೋದರೆ ಪೆಟ್ಟಿಗೆ ಗಾಳಿಯಾಡದ ಡಬ್ಬಿಯಾಗುತ್ತದೆ. 25 ಡಿಗ್ರಿಯಲ್ಲಿ ನಿಂತಿದ್ದ ಪೆಟ್ಟಿಗೆ ಓಡಿ 90 ಡಿಗ್ರಿಗೆ ಕಾದರೆ ಒಳಗಿನ ಗಾಳಿಯ ಒತ್ತಡ ಐದನೇ ಒಂದು ಭಾಗದಷ್ಟು, ಅಂದರೆ ಸುಮಾರು 0.2 ಬಾರ್ ಏರುತ್ತದೆ. ಆಯಿಲ್ ತಾನೂ ಹಿಗ್ಗಿ ಗಾಳಿಯ ಜಾಗ ಕಸಿಯುವುದರಿಂದ ನಿಜವಾದ ಒತ್ತಡ ಇನ್ನೂ ಹೆಚ್ಚು. ಸಾಮಾನ್ಯ ಲಿಪ್ ಸೀಲನ್ನು ರೂಪಿಸಿರುವುದು ಒತ್ತಡವಿಲ್ಲದ ಜಾಗಕ್ಕೆ. ಒತ್ತಡ ಲಿಪ್ಪನ್ನು ಶಾಫ್ಟಿಗೆ ಒತ್ತಿ ಬೇಗ ಸವೆಸುತ್ತದೆ, ಅಥವಾ ಮಡಚಿ ಆಯಿಲನ್ನು ಹೊರದಬ್ಬುತ್ತದೆ. ಹೊಸ ಸೀಲ್ ಹಾಕಿ ಕೆಲವೇ ದಿನಗಳಲ್ಲಿ ಮತ್ತೆ ಸೋರಿದರೆ ಮೊದಲು ನೋಡಬೇಕಾದದ್ದು ಬ್ರೀದರನ್ನೇ.

ಬ್ರೀದರ್ ಕಟ್ಟಿದ ಪೆಟ್ಟಿಗೆಗೆ ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ಕಾದ ಪೆಟ್ಟಿಗೆ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಥಟ್ಟನೆ ಕುಗ್ಗುತ್ತದೆ. ಆಗ ಲಿಪ್ ದಾಟಿ ನೀರು ಒಳಕ್ಕೆ ಸೆಳೆಯಲ್ಪಡುತ್ತದೆ. ಆಯಿಲ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ಹೀಗಾಗಿದೆ ಎಂದೇ ಅರ್ಥ. ಮಲೆನಾಡಿನ ಮಳೆಗಾಲದಲ್ಲಿ ಹೊಳೆ, ಕೆಸರುಗದ್ದೆ ದಾಟುವ ಗಾಡಿಗಳ ಬ್ರೀದರ್ ಕೊಳವೆಯನ್ನು ಉದ್ದ ಮಾಡಿ ಎಂಜಿನ್ ಕೋಣೆಯ ಎತ್ತರದವರೆಗೆ ಒಯ್ಯುವುದು ಕಡಿಮೆ ಖರ್ಚಿನ, ಬಲು ಉಪಯುಕ್ತ ಮಾರ್ಪಾಡು.

ಮೂರನೆಯದು ಬೇರಿಂಗ್. ಔಟ್‌ಪುಟ್ ಬೇರಿಂಗ್ ಸವೆದರೆ ಶಾಫ್ಟ್ ತನ್ನ ನಡುವನ್ನು ಬಿಟ್ಟು ಅಲುಗುತ್ತದೆ. ಲಿಪ್ ಒಂದು ಬದಿಗೆ ಒತ್ತಿ, ಇನ್ನೊಂದು ಬದಿಗೆ ಬಾಯಿಬಿಡುತ್ತದೆ. ಆಕ್ಸಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೀಲು, ಅಂದರೆ ಕ್ರಾಸ್, ಸಡಿಲವಾಗಿದ್ದರೂ, ಶಾಫ್ಟಿನ ಸಮತೋಲ ತಪ್ಪಿದ್ದರೂ ಆ ನಡುಕ ಸೀಲಿಗೂ ಬೇರಿಂಗಿಗೂ ಒಟ್ಟಿಗೇ ಬಡಿಯುತ್ತದೆ. ಗಾಡಿಯ ಎತ್ತರ ಹೆಚ್ಚಿಸಿದವರು ಈ ತೊಂದರೆಗೆ ಹೆಚ್ಚು ಒಳಗಾಗುತ್ತಾರೆ, ಏಕೆಂದರೆ ಎತ್ತರ ಹೆಚ್ಚಿದಂತೆ ಪ್ರೊಪೆಲ್ಲರ್ ಶಾಫ್ಟಿನ ಕೋನವೂ ಕಡಿದಾಗುತ್ತದೆ. ಶಾಫ್ಟಿನ ತುದಿ ಜಾರುತ್ತ ಪೆಟ್ಟಿಗೆಯ ಬಾಲದೊಳಗೆ ಸೇರುವ ಮಾದರಿಗಳಲ್ಲಿ, ಅಂದರೆ ಸ್ಲಿಪ್ ಯೋಕ್ ಇರುವಲ್ಲಿ, ಯೋಕನ್ನು ನಡುವೆ ಹಿಡಿದಿಡುವುದು ಬಾಲದೊಳಗಿನ ಒಂದು ಬುಷ್. ಅದು ಸವೆದಿದ್ದರೆ ಎಷ್ಟೇ ಒಳ್ಳೆಯ ಸೀಲೂ ಉಳಿಯದು.

ಶಾಫ್ಟಿನ ಅಥವಾ ಯೋಕಿನ ಮೈಮೇಲೆ ಬಿದ್ದ ಗೀರು ನಾಲ್ಕನೆಯದು. ರಬ್ಬರ್ ಉಕ್ಕನ್ನು ಸವೆಸುವುದು ವಿಚಿತ್ರವೆನಿಸಿದರೂ ನಿಜ: ಲಿಪ್‌ನಡಿ ಸಿಕ್ಕಿಕೊಂಡ ಮರಳು, ಮಣ್ಣಿನ ಕಣ ಅರದಂತೆ ಕೆಲಸ ಮಾಡಿ ಉಕ್ಕಿನಲ್ಲಿ ಉಂಗುರದಂಥ ಕಾಲುವೆ ಕೊರೆಯುತ್ತದೆ. ಹುಲ್ಲು, ಬಳ್ಳಿ, ಬೇಲಿ ತಂತಿ ಶಾಫ್ಟಿಗೆ ಸುತ್ತಿಕೊಂಡು ಲಿಪ್ಪನ್ನು ಹರಿಯುವುದೂ ತೋಟದ ಗಾಡಿಗಳಲ್ಲಿ ಆಗಾಗ ಆಗುವಂಥದ್ದು. ಇವುಗಳ ಜೊತೆಗೆ ಅಗತ್ಯಕ್ಕಿಂತ ಹೆಚ್ಚು ತುಂಬಿದ ಆಯಿಲ್, ರಬ್ಬರಿಗೆ ಒಗ್ಗದ ಆಯಿಲ್, ಹಿಂದಿನ ಬಾರಿ ಓರೆಯಾಗಿ ಬಡಿದು ಕೂರಿಸಿದ ಸೀಲ್ ಕೂಡ ಕಾರಣಗಳೇ.

ಮೂಲವನ್ನು ಪತ್ತೆಮಾಡುವುದು

ಗಾಡಿಯಡಿ ಬಿದ್ದ ಹನಿ ತಾನು ಹೊರಟ ಜಾಗವನ್ನು ಹೇಳುವುದಿಲ್ಲ. ಓಡುವಾಗಿನ ಗಾಳಿ ಆಯಿಲನ್ನು ಹಿಂದಕ್ಕೆ ಹರಡುತ್ತದೆ. ಎಂಜಿನ್ನಿನ ಹಿಂಬದಿಯ ಸೀಲಿನಿಂದಲೋ ಗೇರ್‌ಬಾಕ್ಸಿನಿಂದಲೋ ಒಸರಿದ್ದು ಹರಿದು ಬಂದು ಟ್ರಾನ್ಸ್‌ಫರ್ ಕೇಸಿನ ತಳದಲ್ಲಿ ತೊಟ್ಟಿಕ್ಕುತ್ತದೆ. ತೇವವಾದ ಭಾಗದಲ್ಲಿ ಅತಿ ಮೇಲಿನ, ಅತಿ ಮುಂದಿನ ಬಿಂದು ಯಾವುದೋ ಅದೇ ಮೂಲವೆಂದು ಹಿಡಿಯುವುದು ವಾಡಿಕೆ. ಪೆಟ್ಟಿಗೆಯನ್ನು ಡೀಸೆಲ್ ಅಥವಾ ಡಿಗ್ರೀಸರ್‌ನಿಂದ ಚೊಕ್ಕಟ ತೊಳೆದು, ಒಣಗಿಸಿ, ಅನುಮಾನದ ಜಾಗಗಳಿಗೆ ಟಾಲ್ಕಂ ಪೌಡರ್ ಉದುರಿಸಿ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ನೋಡಿದರೆ ಆಯಿಲಿನ ದಾರಿ ಬಿಳಿ ಪುಡಿಯ ಮೇಲೆ ಸ್ಪಷ್ಟವಾಗಿ ಮೂಡುತ್ತದೆ. ಆಯಿಲಿಗೆ ಬೆರೆಸುವ ಹೊಳೆಯುವ ಬಣ್ಣ ಮತ್ತು ನೇರಳಾತೀತ ದೀಪವೂ ಈ ಕೆಲಸಕ್ಕೆ ಸಿಗುತ್ತವೆ.

ಬಣ್ಣ, ವಾಸನೆಗಳೂ ಸುಳಿವು ಕೊಡುತ್ತವೆ. ಚೈನಿನ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಬಳಸುವ ಎಟಿಎಫ್, ಅಂದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್, ಕೆಂಪು ಬಣ್ಣದ್ದು, ಹಳತಾದಾಗ ಕಂದು. ಗೇರಿನ ಪೆಟ್ಟಿಗೆಯ 90 ನಂಬರ್ ಗೇರ್ ಆಯಿಲ್ ದಪ್ಪ. ಗಂಧಕದ ಕಟುವಾಸನೆ ಅದರ ಗುರುತು. ಎಂಜಿನ್ ಆಯಿಲ್ ಕಪ್ಪು. ಗೇರ್‌ಬಾಕ್ಸಿನಲ್ಲೂ ಟ್ರಾನ್ಸ್‌ಫರ್ ಕೇಸಿನಲ್ಲೂ ಎಟಿಎಫ್ಫೇ ಇದ್ದರೆ ಬಣ್ಣದಿಂದ ತೀರ್ಮಾನ ಸಾಧ್ಯವಿಲ್ಲ. ಆಗ ಎರಡರ ಮಟ್ಟವನ್ನೂ ನೋಡಬೇಕು. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಏರಿದ್ದರೆ ಅವುಗಳ ನಡುವಿನ ಇನ್‌ಪುಟ್ ಸೀಲ್ ಹೋಗಿದೆ. ಹೊರಗೆ ಒಂದು ಹನಿಯೂ ಕಾಣದ ಸೋರಿಕೆ ಇದು. ಕೆಳಗೆ ತೇವವಿಲ್ಲವೆಂದು ನೆಮ್ಮದಿಯಿಂದಿರುವವರನ್ನು ಇದೇ ಹೆಚ್ಚು ವಂಚಿಸುತ್ತದೆ.

ಎಲ್ಲ ಸೋರಿಕೆಯೂ ಸೀಲಿನದ್ದಲ್ಲ. ಪೆಟ್ಟಿಗೆಯ ಎರಡು ಹೋಳುಗಳು ಕೂಡುವ ಗೆರೆ, ಗೇರ್ ಬದಲಿಸುವ ಶಾಫ್ಟಿನ ಓ-ರಿಂಗ್, ಸ್ವಿಚ್ಚಿನ ಬುಡ, ಡ್ರೈನ್ ಪ್ಲಗ್ ಇವೆಲ್ಲ ಒಸರಬಲ್ಲವು. 1990ರ ದಶಕದ ಕೊನೆಯಿಂದ ಜನರಲ್ ಮೋಟಾರ್ಸ್ ಪಿಕಪ್‌ಗಳಲ್ಲಿ ಬಳಕೆಯಾದ 246 ಮಾದರಿಯಲ್ಲಿ ಇನ್ನೊಂದು ಪ್ರಸಿದ್ಧ ದೋಷವಿದೆ. ಒಳಗಿನ ಆಯಿಲ್ ಪಂಪ್ ತಿರುಗದಂತೆ ಹಿಡಿದಿಡುವ ಕಿವಿ ಮೆಗ್ನೀಷಿಯಂ ಮೈಯನ್ನು ಉಜ್ಜಿ ಉಜ್ಜಿ, ಕೊನೆಗೆ ಹಿಂಭಾಗದ ಮೇಲ್ಗಡೆ ಸೂಜಿಮೊನೆಯಷ್ಟು ತೂತು ಮಾಡುತ್ತದೆ. ಗಾಡಿ ಓಡುವಾಗ ಮಾತ್ರ ಆಯಿಲ್ ಅಲ್ಲಿಂದ ಸಿಡಿಯುತ್ತದೆ, ನಿಂತಾಗ ನೆಲದಲ್ಲಿ ಗುರುತೂ ಇರುವುದಿಲ್ಲ. ಇಂಥ ಕಡೆ ಹೊಸ ಸೀಲ್ ಹಾಕಿ ಏನೂ ಪ್ರಯೋಜನವಿಲ್ಲ.

ಸೀಲಿನ ಸುತ್ತ ಧೂಳು ಹಿಡಿದ ತೆಳು ತೇವವಿದ್ದು ಹನಿ ಕಟ್ಟದಿದ್ದರೆ ಅದನ್ನು ಒಸರು ಎನ್ನಬಹುದು. ಮಟ್ಟ ನೋಡಿಕೊಳ್ಳುತ್ತ ಕಾಯಲು ಅಡ್ಡಿಯಿಲ್ಲ. ಹನಿ ಬೀಳತೊಡಗಿದರೆ, ಅಥವಾ ಆಯಿಲ್ ಸೈಲೆನ್ಸರ್ ಪೈಪಿನ ಮೇಲೋ ಬ್ರೇಕಿನ ಮೇಲೋ ಸೇರುತ್ತಿದ್ದರೆ ಕಾಯುವುದು ಸಲ್ಲ. ಬಿಸಿ ಪೈಪಿಗೆ ತಗುಲಿದ ಆಯಿಲ್ ಹೊಗೆಯಾಡುವುದಷ್ಟೇ ಅಲ್ಲ, ಬೆಂಕಿಗೂ ಕಾರಣವಾಗಬಹುದು.

ಔಟ್‌ಪುಟ್ ಸೀಲ್ ಬದಲಿಸುವ ಕ್ರಮ

ಕೆಲಸಕ್ಕೆ ಮುಂಚಿನ ಎಚ್ಚರಿಕೆ ಕೆಲಸಕ್ಕಿಂತ ಮುಖ್ಯ. ಸಮತಟ್ಟಾದ ಗಟ್ಟಿ ನೆಲದಲ್ಲಿ ಗಾಡಿ ನಿಲ್ಲಿಸಿ ಚಕ್ರಗಳಿಗೆ ಮುಂದೂ ಹಿಂದೂ ಕಟ್ಟೆ ಕೊಡಬೇಕು. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದ ಮೇಲೆ ಗೇರ್‌ಬಾಕ್ಸಿಗೂ ಆ ಚಕ್ರಗಳಿಗೂ ಸಂಬಂಧ ತಪ್ಪುತ್ತದೆ. ಗೇರಿನಲ್ಲಿ ನಿಲ್ಲಿಸಿದ್ದರೂ, ಆಟೊಮ್ಯಾಟಿಕ್ ಗಾಡಿಯನ್ನು ಪಾರ್ಕ್‌ನಲ್ಲಿಟ್ಟಿದ್ದರೂ ಅದು ಉರುಳಬಹುದು. ಹ್ಯಾಂಡ್‌ಬ್ರೇಕ್ ಡ್ರಮ್ ಟ್ರಾನ್ಸ್‌ಫರ್ ಕೇಸಿನ ಮೇಲೇ ಇರುವ ಹಳೆಯ ಜೀಪಿನಲ್ಲಂತೂ ಹಿಂದಿನ ಶಾಫ್ಟ್ ಬಿಚ್ಚಿದ ಕ್ಷಣವೇ ಹ್ಯಾಂಡ್‌ಬ್ರೇಕೂ ಇಲ್ಲವಾಗುತ್ತದೆ. ಗಾಡಿಯನ್ನು ಎತ್ತಿದ್ದರೆ ಭಾರ ಸ್ಟ್ಯಾಂಡುಗಳ ಮೇಲಿರಬೇಕು. ಜಾಕಿನ ಮೇಲಷ್ಟೇ ನಿಂತ ಗಾಡಿಯಡಿ ಯಾರೂ ನುಗ್ಗಬಾರದು. ಸೈಲೆನ್ಸರ್ ತಣ್ಣಗಾಗಿರಬೇಕು.

ಆಯಿಲ್ ಇಳಿಸುವ ಮೊದಲು ತುಂಬುವ ಪ್ಲಗ್ ತೆರೆಯುತ್ತದೆಯೇ ಎಂದು ನೋಡಬೇಕು. ಕೆಳಗಿನದನ್ನು ತೆರೆದು ಖಾಲಿ ಮಾಡಿದ ಮೇಲೆ ಮೇಲಿನದು ತುಕ್ಕು ಹಿಡಿದು ಬಿಗಿದಿದ್ದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಇಳಿದ ಆಯಿಲ್ ಪೆಟ್ಟಿಗೆಯ ಒಳಗಿನ ಕಥೆ ಹೇಳುತ್ತದೆ. ಅಯಸ್ಕಾಂತಕ್ಕೆ ಹಿಡಿದ ಬೂದುಬಣ್ಣದ ನುಣುಪು ಕೆಸರು ಸಹಜ. ಚೂರು, ಚಕ್ಕೆಗಳು ಕಂಡರೆ ಬೇರಿಂಗೋ ಗೇರೋ ಒಡೆಯುತ್ತಿದೆ, ಪೆಟ್ಟಿಗೆಯನ್ನೇ ಬಿಚ್ಚಬೇಕು.

ಪ್ರೊಪೆಲ್ಲರ್ ಶಾಫ್ಟಿಗೂ, ಅದನ್ನು ಔಟ್‌ಪುಟ್ ಶಾಫ್ಟಿಗೆ ಜೋಡಿಸುವ ಯೋಕಿಗೂ ಸೇರುವಂತೆ ಬಣ್ಣದಿಂದಲೋ ಪಂಚಿನಿಂದಲೋ ಗುರುತು ಹಾಕಿಕೊಂಡು ಬಿಚ್ಚುವುದು ಕ್ರಮ. ಮೊದಲಿದ್ದ ದಿಕ್ಕಿನಲ್ಲೇ ಮರಳಿ ಜೋಡಿಸಿದರೆ ಸಮತೋಲ ಕೆಡುವುದಿಲ್ಲ. ಬಿಚ್ಚಿದ ಕೂಡಲೇ ಕ್ರಾಸಿನ ಬಟ್ಟಲುಗಳಿಗೆ ಟೇಪ್ ಸುತ್ತದಿದ್ದರೆ ಒಳಗಿನ ಸೂಜಿ ರೋಲರುಗಳು ಉದುರಿ ಮಣ್ಣುಪಾಲಾಗುತ್ತವೆ. ಶಾಫ್ಟನ್ನು ನೇತಾಡಲು ಬಿಡದೆ ತಂತಿಯಿಂದ ಚಾಸಿಗೆ ಕಟ್ಟಬೇಕು. ಈ ಹಂತದಲ್ಲಿ ಯೋಕನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿ ನೋಡುವುದು ಅರ್ಧ ನಿಮಿಷದ ಕೆಲಸ. ಕೈಗೆ ತಿಳಿಯುವಷ್ಟು ಶೇಕ್ ಇದ್ದರೆ ಬೇರಿಂಗ್ ಬದಲಿಸದೆ ಸೀಲಿಗೆ ಕೈಹಾಕುವುದು ವ್ಯರ್ಥ.

ಯೋಕನ್ನು ಹಿಡಿದಿರುವ ದೊಡ್ಡ ನಟ್ ಬಲು ಬಿಗಿ. ಯೋಕಿಗೆ ಉದ್ದನೆಯ ಪಟ್ಟಿ ಅಥವಾ ಪೈಪ್ ಕೊಟ್ಟು ತಿರುಗದಂತೆ ತಡೆದು ನಟ್ ಬಿಚ್ಚುತ್ತಾರೆ. ಯೋಕ್ ಸಲೀಸಾಗಿ ಬಾರದಿದ್ದರೆ ಪುಲ್ಲರ್ ಹಾಕಬೇಕೇ ಹೊರತು ಸುತ್ತಿಗೆಯಿಂದ ಬಡಿಯಬಾರದು. ಆ ಪೆಟ್ಟು ಬೇರಿಂಗಿಗೂ ಹಗುರ ಲೋಹದ ಮೈಗೂ ತಗಲುತ್ತದೆ. ಹಳೆಯ ಸೀಲನ್ನು ಕೀಳಲು ಸೀಲ್ ಪುಲ್ಲರ್ ಇದೆ. ಇಲ್ಲವಾದರೆ ಅದರ ತಗಡಿನ ಮುಖದಲ್ಲಿ ಎದುರುಬದುರಾಗಿ ಎರಡು ಸಣ್ಣ ತೂತು ಕೊರೆದು, ಸ್ಕ್ರೂ ಹಾಕಿ ಇಕ್ಕಳದಿಂದ ಸಮನಾಗಿ ಎಳೆಯುವ ರೂಢಿಯಿದೆ. ಲೋಹದ ಪುಡಿ ಒಳಗೆ ಬೀಳದಂತೆ ಡ್ರಿಲ್ಲಿನ ತುದಿಗೆ ಗ್ರೀಸ್ ಸವರಿಕೊಳ್ಳಬೇಕು. ಸ್ಕ್ರೂಡ್ರೈವರ್ ತೂರಿಸಿ ಎಬ್ಬುವವರು ರಂಧ್ರದ ಒಳಮೈಗೆ ಗೀರು ಮಾಡುತ್ತಾರೆ. ಮುಂದೆ ಹೊಸ ಸೀಲಿನ ಹೊರಸುತ್ತಿನಿಂದಲೇ ಆಯಿಲ್ ಒಸರಲು ಆ ಒಂದು ಗೀರು ಸಾಕು.

ಕಿತ್ತ ಸೀಲನ್ನು ಎಸೆಯುವ ಮುನ್ನ ನೋಡಬೇಕು, ಏಕೆಂದರೆ ಕಾರಣದ ಸಾಕ್ಷಿ ಅದರಲ್ಲೇ ಇರುತ್ತದೆ. ಲಿಪ್ ಸುತ್ತಲೂ ಸಮನಾಗಿ ಸವೆದಿದ್ದರೆ ವಯಸ್ಸು. ಒಂದೇ ಬದಿ ಸವೆದಿದ್ದರೆ ಶಾಫ್ಟ್ ನಡುವಿನಲ್ಲಿಲ್ಲ. ಗಾಜಿನಂತೆ ಹೊಳೆದು ಬಿರುಕುಬಿಟ್ಟಿದ್ದರೆ ಅತಿ ಬಿಸಿ ಅಥವಾ ಒಣ ಓಟ. ಮೆತ್ತಗೆ ಉಬ್ಬಿದ್ದರೆ ಒಗ್ಗದ ಆಯಿಲ್. ಅಗಲವಾಗಿ ಚಪ್ಪಟೆಯಾಗಿದ್ದರೆ ಒಳಗಿನ ಒತ್ತಡ.

ಬಳಿಕ ಲಿಪ್ ಕೂರುವ ಜಾಗದ ಪರೀಕ್ಷೆ. ಯೋಕಿನ ಕತ್ತನ್ನು ಒರೆಸಿ ಉಗುರು ಅಡ್ಡಲಾಗಿ ಎಳೆದಾಗ ಉಗುರು ಸಿಕ್ಕಿಕೊಂಡರೆ ಕಾಲುವೆ ಬಿದ್ದಿದೆ ಎಂದು ತಿಳಿಯಬೇಕು. ಬರೀ ಹೊಳಪಿನ ಗೆರೆ ಇದ್ದರೆ ನುಣುಪು ಎಮರಿ ಪೇಪರನ್ನು ಸುತ್ತಳತೆಯ ದಿಕ್ಕಿನಲ್ಲಿ ಆಡಿಸಿ ತುಕ್ಕು ತೆಗೆದರೆ ಸಾಕು. ಉದ್ದಕ್ಕೆ ಉಜ್ಜಿದ ಗೀರು ಆಯಿಲಿಗೆ ದಾರಿಯಾಗುತ್ತದೆ. ಕಾಲುವೆ ಬಿದ್ದಿದ್ದರೆ ಹೊಸ ಯೋಕ್ ಹಾಕುವುದು ಸರಿಯಾದ ಪರಿಹಾರ. ಅದು ಸಿಗದ ಹಳೆಯ ಗಾಡಿಗಳಿಗೆ ಸವೆದ ಭಾಗದ ಮೇಲೆ ತೊಡಿಸುವ ತೆಳು ಸ್ಟೇನ್‌ಲೆಸ್ ಉಕ್ಕಿನ ಕವಚಗಳಿವೆ. ಎಸ್‌ಕೆಎಫ್ ಕಂಪನಿಯ ಸ್ಪೀಡಿ ಸ್ಲೀವ್ ಇವುಗಳಲ್ಲಿ ಹೆಸರಾದದ್ದು. ಅದರ ದಪ್ಪ ಸುಮಾರು 0.28 ಮಿಲಿಮೀಟರ್ ಮಾತ್ರ, ಹಾಗಾಗಿ ಮೊದಲಿನ ಅಳತೆಯ ಸೀಲೇ ಹೊಂದುತ್ತದೆ. ಜಾಗವಿದ್ದರೆ ಹೊಸ ಸೀಲನ್ನು ಒಂದೆರಡು ಮಿಲಿಮೀಟರ್ ಹಿಂದೆ ಮುಂದೆ ಕೂರಿಸಿ ಲಿಪ್ ಕಾಲುವೆಯನ್ನು ತಪ್ಪಿಸುವಂತೆ ಮಾಡುವ ಉಪಾಯವೂ ಇದೆ.

ಹೊಸ ಸೀಲಿನ ಮೈಮೇಲೆ ಸಾಮಾನ್ಯವಾಗಿ ಮೂರು ಸಂಖ್ಯೆಗಳಿರುತ್ತವೆ. 40, 62, 10 ಎಂದಿದ್ದರೆ ಶಾಫ್ಟಿನ ವ್ಯಾಸ 40, ರಂಧ್ರದ ವ್ಯಾಸ 62, ಅಗಲ 10 ಮಿಲಿಮೀಟರ್. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಬಜಾರಿನಲ್ಲಿ ಹಳೆಯ ಸೀಲ್ ತೋರಿಸಿದರೆ ಅಳತೆ ಹೊಂದುವ ಸೀಲ್ ಸಿಕ್ಕೀತು, ಆದರೆ ಲಿಪ್‌ನ ರಬ್ಬರ್ ಯಾವುದು, ಧೂಳು ತಡೆಯುವ ಎರಡನೆಯ ಲಿಪ್ ಇದೆಯೇ, ಗೆರೆ ಕೊರೆದ ಲಿಪ್ ಆಗಿದ್ದರೆ ಅದು ಯಾವ ದಿಕ್ಕಿನ ತಿರುಗಾಟಕ್ಕೆ ಎಂಬುದನ್ನು ಕೇಳಿಯೇ ಕೊಳ್ಳಬೇಕು.

ಕೂರಿಸುವಾಗ ಸ್ಪ್ರಿಂಗ್ ಕಾಣುವ ಮುಖ ಆಯಿಲ್ ಕಡೆಗಿರಬೇಕು. ಲಿಪ್‌ಗೆ ಪೆಟ್ಟಿಗೆಯಲ್ಲಿ ಬಳಸುವ ಆಯಿಲನ್ನೇ ಸವರಿ, ಎರಡು ಲಿಪ್ ಇದ್ದರೆ ನಡುವಿನ ಸಂದಿಗೆ ಸ್ವಲ್ಪ ಗ್ರೀಸ್ ತುಂಬಬೇಕು. ಒಣ ಲಿಪ್ ಮೊದಲ ಕೆಲವು ನಿಮಿಷಗಳಲ್ಲೇ ಸುಟ್ಟುಹೋಗುತ್ತದೆ. ಟೆಫ್ಲಾನ್ ಲಿಪ್‌ನ ಸೀಲುಗಳು ಮಾತ್ರ ಇದಕ್ಕೆ ಅಪವಾದ. ಸಾಮಾನ್ಯವಾಗಿ ಅವನ್ನು ಒಣಗಿದ ಶಾಫ್ಟಿನ ಮೇಲೆ ಒಣಗಿಯೇ ಹಾಕಬೇಕು. ಹೊರಸುತ್ತು ಬರಿಯ ಲೋಹದ್ದಾಗಿದ್ದರೆ ಸೀಲೆಂಟನ್ನು ತೆಳುವಾಗಿ ಸವರಬಹುದು, ರಬ್ಬರ್ ಹೊದಿಕೆ ಇದ್ದರೆ ಅದು ಬೇಡ. ಸೀಲಿನ ಹೊರ ಅಂಚಿಗೆ ಸರಿಹೊಂದುವ ಡ್ರೈವರ್ ಅಥವಾ ಪೈಪ್ ತುಂಡು ಇಟ್ಟು ಸುತ್ತಲೂ ಸಮನಾಗಿ, ಸಣ್ಣ ಪೆಟ್ಟುಗಳಲ್ಲಿ ಇಳಿಸಬೇಕು. ನಡುವೆ ಬಡಿದರೆ ತಗಡು ಬಾಗುತ್ತದೆ. ಒಂದು ಬದಿ ಮೊದಲು ಇಳಿದರೆ ಸೀಲ್ ಓರೆಯಾಗುತ್ತದೆ. ಪೆಟ್ಟಿನ ಅದುರಿಗೆ ಸ್ಪ್ರಿಂಗ್ ಕಳಚಿ ಬೀಳದಂತೆ ಅದರ ಗುಳಿಗೆ ಗ್ರೀಸ್ ತುಂಬುವುದು ಹಳೆಯ ಮೇಸ್ತ್ರಿಗಳ ಜಾಣತನ. ಶಾಫ್ಟಿನ ಸ್ಪ್ಲೈನ್ ಹಲ್ಲುಗಳ ಮೇಲೆ ಸೀಲ್ ಹಾಯಬೇಕಾದಲ್ಲಿ ಹಲ್ಲುಗಳಿಗೆ ಟೇಪ್ ಸುತ್ತಬೇಕು ಅಥವಾ ತೆಳು ಪ್ಲಾಸ್ಟಿಕ್ ಹಾಳೆಯ ಕೊಳವೆ ತೊಡಿಸಬೇಕು.

ಯೋಕ್ ಮರಳಿ ಹಾಕುವಾಗ ಆಯಿಲ್ ಸ್ಪ್ಲೈನ್ ಸಂದಿಯಿಂದಲೂ ಹೊರಬರಬಲ್ಲದು ಎಂಬುದನ್ನು ಮರೆಯಬಾರದು. ಹಲವು ಮಾದರಿಗಳಲ್ಲಿ ಅದನ್ನು ತಡೆಯಲು ನಟ್ಟಿನಡಿ ರಬ್ಬರ್ ವಾಷರ್ ಇರುತ್ತದೆ. ಅದನ್ನೂ ಹೊಸದಾಗಿಯೇ ಹಾಕಬೇಕು. ಸೀಲ್ ಹೊಸದಾದರೂ ಹನಿ ನಿಲ್ಲಲಿಲ್ಲ ಎಂಬ ದೂರುಗಳಿಗೆ ಈ ವಾಷರನ್ನು ಕಡೆಗಣಿಸಿದ್ದೇ ಕಾರಣವಾಗಿರುವುದುಂಟು. ನಟ್ಟನ್ನು ಟಾರ್ಕ್ ರೆಂಚಿನಿಂದ, ಆ ಪೆಟ್ಟಿಗೆಗೆ ತಯಾರಕರು ಹೇಳಿದಷ್ಟೇ ಬಿಗಿಯಬೇಕು. 231 ಮಾದರಿಯ ಮುಂದಿನ ಯೋಕಿಗೆ ಅದು ಸುಮಾರು 120ರಿಂದ 175 ನ್ಯೂಟನ್ ಮೀಟರ್.

ಒಳಗಿನ ಮತ್ತು ಬಾಲದ ಸೀಲುಗಳು

ಸ್ಲಿಪ್ ಯೋಕ್ ಇರುವ ಹಿಂದಿನ ಸೀಲಿನ ಕೆಲಸ ಮೇಲಿನದಕ್ಕಿಂತ ಸುಲಭ. ನಟ್ ಇಲ್ಲ, ಶಾಫ್ಟನ್ನು ಹಿಂದಕ್ಕೆ ಎಳೆದರೆ ಬರುತ್ತದೆ. ಎಳೆದಾಗ ಬಾಲದಿಂದ ಆಯಿಲ್ ಸುರಿಯುವುದರಿಂದ ಕೆಳಗೆ ತಟ್ಟೆ ಇಟ್ಟುಕೊಂಡಿರಬೇಕು. ಬುಷ್ ಸವೆದಿದ್ದರೆ ಸೀಲಿನ ಜೊತೆಗೇ ಅದನ್ನೂ ಬದಲಿಸಬೇಕು.

ಗೇರ್‌ಬಾಕ್ಸಿಗೆ ಅಂಟಿಕೊಂಡ ಪೆಟ್ಟಿಗೆಯ ಇನ್‌ಪುಟ್ ಸೀಲಿಗಾದರೆ ಪೆಟ್ಟಿಗೆಯನ್ನೇ ಇಳಿಸಬೇಕು. ಎರಡೂ ಪ್ರೊಪೆಲ್ಲರ್ ಶಾಫ್ಟ್, ಲಿವರಿನ ಕೊಂಡಿ, ವೈರಿಂಗ್, ಬ್ರೀದರ್ ಕೊಳವೆ, ಕೆಲವೊಮ್ಮೆ ಗೇರ್‌ಬಾಕ್ಸಿನ ಅಡ್ಡಪಟ್ಟಿಯನ್ನೂ ಬಿಚ್ಚಬೇಕಾಗುತ್ತದೆ. ಹಗುರ ಲೋಹದ ಚಿಕ್ಕ ಪೆಟ್ಟಿಗೆಯೇ 30 ಕಿಲೋಗ್ರಾಂ ಮೀರುತ್ತದೆ, ಕಬ್ಬಿಣದ್ದು ಅದರ ಎರಡು ಪಟ್ಟು ತೂಗಬಲ್ಲದು. ಆಯಿಲ್ ಮೆತ್ತಿ ಜಾರುವ ಆ ಭಾರವನ್ನು ಮಲಗಿದವರ ಎದೆಯ ಮೇಲೆ ಇಳಿಸಿಕೊಳ್ಳುವುದು ಅಪಾಯ. ಗೇರ್‌ಬಾಕ್ಸ್ ಜಾಕಿ ಬೇಕೇ ಬೇಕು. ಇಷ್ಟು ಶ್ರಮಪಟ್ಟು ಇಳಿಸಿದ ಮೇಲೆ ಗೇರ್‌ಬಾಕ್ಸಿನ ಹಿಂದಿನ ಸೀಲನ್ನೂ, ಪೆಟ್ಟಿಗೆಯ ಉಳಿದ ಸೀಲುಗಳನ್ನೂ ಒಟ್ಟಿಗೇ ಬದಲಿಸುವುದು ವಿವೇಕ.

ಆಯಿಲ್ ತುಂಬುವುದು ಮತ್ತು ಮುಂದಿನ ನಿಗಾ

ಯಾವ ಆಯಿಲ್ ಎಂಬುದು ಪೆಟ್ಟಿಗೆಗೆ ಪೆಟ್ಟಿಗೆಗೂ ಬೇರೆ. ಹಳೆಯ ಜೀಪಿನ ಗೇರಿನ ಪೆಟ್ಟಿಗೆಗೆ 90 ನಂಬರ್ ಗೇರ್ ಆಯಿಲ್ ಸರಿ. ಅದನ್ನೇ ಚೈನಿನ ಪೆಟ್ಟಿಗೆಗೆ ಸುರಿದರೆ ಅದರ ಸಣ್ಣ ಪಂಪಿಗೆ ದಪ್ಪ ಆಯಿಲ್ ಎಳೆಯಲಾಗದೆ ಮೇಲಿನ ಬೇರಿಂಗುಗಳು ಒಣಗುತ್ತವೆ. ಬಹುತೇಕ ಪೆಟ್ಟಿಗೆಗಳಲ್ಲಿ ತುಂಬುವ ತೂತಿನ ಕೆಳಅಂಚಿಗೆ ಬರುವವರೆಗೆ ತುಂಬಿದರೆ ಮಟ್ಟ ಸರಿ, ಗಾಡಿ ಸಮತಟ್ಟಾಗಿ ನಿಂತಿರಬೇಕು ಅಷ್ಟೇ. ಹೆಚ್ಚಿಗೆ ತುಂಬಿದ ಆಯಿಲ್ ನೊರೆಯೆದ್ದು ಬಿಸಿಯಾಗಿ ಬ್ರೀದರಿನಿಂದಲೋ ಹೊಸ ಸೀಲಿನಿಂದಲೋ ಹೊರಗೆ ಬರುತ್ತದೆ.

ಸೋರಿಕೆ ನಿಲ್ಲಿಸುತ್ತವೆ ಎಂದು ಮಾರುವ ದ್ರವಗಳು ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತವೆ. ಗಡಸಾದ ಲಿಪ್ ಕೆಲಕಾಲ ಹಿಡಿಯಬಹುದು. ಹರಿದ ಲಿಪ್, ಸವೆದ ಯೋಕ್, ಸಡಿಲ ಬೇರಿಂಗಿಗೆ ಅವು ಮದ್ದಲ್ಲ. ದೂರದ ಊರಿನಿಂದ ಗ್ಯಾರೇಜು ಮುಟ್ಟುವಷ್ಟಕ್ಕೆ ಮಾತ್ರ ಅವುಗಳ ಉಪಯೋಗ.

ದುರಸ್ತಿಯ ಬಳಿಕ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ, ಫೋರ್ ವೀಲ್ ಮತ್ತು ಲೋ ಎರಡನ್ನೂ ಹಾಕಿ ನೋಡಿ, ಅಡಿಯಲ್ಲಿ ಮತ್ತೆ ಪರೀಕ್ಷಿಸಬೇಕು. ಲಿಪ್ ಹೊಸ ಜಾಗಕ್ಕೆ ಹೊಂದಿಕೊಳ್ಳುವ ಮೊದಲ ದಿನಗಳಲ್ಲಿ ಸ್ವಲ್ಪ ತೇವ ಕಾಣುವುದುಂಟು, ಅದು ಬೇಗ ನಿಲ್ಲಬೇಕು. ಕೆಲವು ನೂರು ಕಿಲೋಮೀಟರಿನ ನಂತರ ಮಟ್ಟವನ್ನು ಇನ್ನೊಮ್ಮೆ ನೋಡುವುದು ಒಳ್ಳೆಯದು. ಆಮೇಲೆ ಪ್ರತಿ ಮಳೆಗಾಲದ ಕೊನೆಗೆ ಬ್ರೀದರ್ ಬಿಡಿಸಿ ಊದಿ ನೋಡಿ, ಆಯಿಲಿನ ಬಣ್ಣ ಗಮನಿಸಿದರೆ ಸಾಮಾನ್ಯ ಬಳಕೆಯ ಗಾಡಿಯಲ್ಲಿ ಸೀಲ್ ವರ್ಷಗಳ ಕಾಲ ಬಾಳುತ್ತದೆ.

ಇಳಿಸಿದ ಹಳೆಯ ಆಯಿಲನ್ನು ಚರಂಡಿಗೆ ಚೆಲ್ಲುವುದು, ಬೇಲಿಗಂಬಕ್ಕೆ ಗೆದ್ದಲು ಹಿಡಿಯದಂತೆ ಬಳಿಯುವುದು ನಮ್ಮಲ್ಲಿ ಇಂದಿಗೂ ನಡೆದಿದೆ. ಎರಡೂ ಮಣ್ಣಿಗೆ, ಬಾವಿಯ ನೀರಿಗೆ ಹಾನಿ. ಭಾರತದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯಗಳ ಸಾಲಿನಲ್ಲಿದೆ. ಅದನ್ನು ಮುಚ್ಚಳದ ಡಬ್ಬಿಯಲ್ಲಿ ತುಂಬಿ, ಅಧಿಕೃತ ಮರುಬಳಕೆ ಘಟಕಕ್ಕೆ ಕಳಿಸುವ ಗ್ಯಾರೇಜಿಗೆ ಒಪ್ಪಿಸಬೇಕು.